ಬಯಲುಸೀಮೆಯ ಗಾರ್ಡ್: ಬಲವೆಷ್ಟು, ಕೊರತೆಯೇನು, ಭವಿಷ್ಯವೆಲ್ಲಿ?

ಚಳ್ಳಕೆರೆ: ಬ್ಯಾಸ್ಕೆಟ್‌ಬಾಲ್‌ಗೆ ಎತ್ತರದ ಹುಡುಗನನ್ನು ಗುರುತಿಸಲು ತಜ್ಞರು ಬೇಕಿಲ್ಲ. ಸಂತೆಯಲ್ಲಿ ನಿಂತರೂ ಅವನ ತಲೆ ಎಲ್ಲರಿಗಿಂತ ಮೇಲೆ ಕಾಣುತ್ತದೆ. ಆದರೆ ಐದು ಅಡಿ ಎಂಟು ಅಂಗುಲದ ಹುಡುಗನೊಬ್ಬ ಒಳ್ಳೆಯ ಗಾರ್ಡ್ ಆಗಬಲ್ಲನೇ ಎಂಬುದನ್ನು ಹೇಳಬೇಕಾದರೆ ಅವನ ಕೈಗೆ ಚೆಂಡು ಕೊಡಬೇಕು, ಆಡಲು ಅಂಕಣ ಕೊಡಬೇಕು, ನಾಲ್ಕೈದು ವರ್ಷ ಕಾಯಬೇಕು. ಚಳ್ಳಕೆರೆ, ಮೊಳಕಾಲ್ಮೂರಿನಂತಹ ತಾಲ್ಲೂಕುಗಳ ಮಟ್ಟಿಗೆ ಈ ಮೂರೂ ದುಬಾರಿಯೇ.

ಪ್ರತಿವರ್ಷ ಹೋಬಳಿ ಮಟ್ಟದಿಂದ ಆರಂಭವಾಗುವ ಶಾಲಾ ಕ್ರೀಡಾಕೂಟಗಳಲ್ಲಿ ಚುರುಕಾದ, ಚಾಲಾಕಿ ಹುಡುಗ ಹುಡುಗಿಯರು ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ದೈಹಿಕ ಶಿಕ್ಷಕರು ಬೆನ್ನು ತಟ್ಟುತ್ತಾರೆ, ಊರಿನವರು ಚಪ್ಪಾಳೆ ತಟ್ಟುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ಮನೆಯಲ್ಲಿ ಪ್ರಶ್ನೆಯೊಂದು ಏಳುತ್ತದೆ: ಈ ಆಟದಿಂದ ಹೊಟ್ಟೆ ತುಂಬುತ್ತದೆಯೇ? ಶೇಂಗಾ ಹೊಲವನ್ನೋ ಸೀರೆ ಮಗ್ಗವನ್ನೋ ನಂಬಿದ ಕುಟುಂಬಕ್ಕೆ ಇದು ಅತ್ಯಂತ ನ್ಯಾಯವಾದ ಪ್ರಶ್ನೆ. ಇದಕ್ಕೆ ಹುಸಿ ಭರವಸೆಯ ಉತ್ತರವನ್ನೂ ಕೊಡಬಾರದು, ಸಾರಾಸಗಟು ನಿರಾಶೆಯ ಉತ್ತರವನ್ನೂ ಕೊಡಬಾರದು. ಬಲ, ದೌರ್ಬಲ್ಯ ಮತ್ತು ವೃತ್ತಿಯ ಸಾಧ್ಯತೆಗಳನ್ನು ಬೇರೆಬೇರೆಯಾಗಿ ತೂಗಿ ನೋಡುವುದೇ ಸರಿಯಾದ ಕ್ರಮ.

ಗಾರ್ಡ್ ಎಂದರೆ ಯಾರು?

ಐವರ ತಂಡದಲ್ಲಿ ಚೆಂಡನ್ನು ತನ್ನ ಅರ್ಧದಿಂದ ಎದುರಾಳಿಯ ಅರ್ಧಕ್ಕೆ ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನಿರ್ಧರಿಸುವ ಹೊಣೆ ಪಾಯಿಂಟ್ ಗಾರ್ಡ್‌ನದು. ದೂರದಿಂದ ಗುರಿಯಿಟ್ಟು ಎಸೆಯುವ ಹೊಣೆ ಶೂಟಿಂಗ್ ಗಾರ್ಡ್‌ನದು. ಅಂತರರಾಷ್ಟ್ರೀಯ ನಿಯಮದಂತೆ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲವಿರುತ್ತದೆ. 8 ಸೆಕೆಂಡಿನೊಳಗೆ ಚೆಂಡು ಮಧ್ಯರೇಖೆಯನ್ನು ದಾಟಬೇಕು, 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆತವಾಗಬೇಕು. ಈ 24 ಸೆಕೆಂಡುಗಳ ಲೆಕ್ಕವನ್ನು ಸದಾ ತಲೆಯಲ್ಲಿಟ್ಟುಕೊಂಡು, ಮೈಮೇಲೆ ಬೀಳುವ ಎದುರಾಳಿಯನ್ನು ತಪ್ಪಿಸಿಕೊಂಡು, ಉಳಿದ ನಾಲ್ವರ ಚಲನೆಯನ್ನು ಗಮನಿಸುತ್ತಿರಬೇಕಾದವನೇ ಗಾರ್ಡ್. ಕಬಡ್ಡಿಯ ರೈಡರ್‌ಗೆ ಇರಬೇಕಾದ ಎದೆಗಾರಿಕೆ ಮತ್ತು ಕ್ರಿಕೆಟ್ ನಾಯಕನಿಗೆ ಇರಬೇಕಾದ ಲೆಕ್ಕಾಚಾರ ಎರಡೂ ಅವನಲ್ಲಿರಬೇಕು.

ಆದುದರಿಂದ ಗಾರ್ಡ್‌ನ ಮೌಲ್ಯಮಾಪನದಲ್ಲಿ ಎತ್ತರಕ್ಕೆ ಮೊದಲ ಸ್ಥಾನವಿಲ್ಲ. ಕೈಚಳಕ, ಕಣ್ಣೋಟ, ನಿರ್ಧಾರದ ವೇಗ, ದೂರದ ಎಸೆತ ಇವುಗಳಿಗೆ ಮೊದಲ ಸ್ಥಾನ. ವಿಪರ್ಯಾಸವೆಂದರೆ ಟೇಪು ಹಿಡಿದು ಅಳೆಯಲಾಗದ ಗುಣಗಳೇ ಇವು.

ಭಾರತ ಕಳುಹಿಸಿದ್ದು ಎತ್ತರವನ್ನು

ಭಾರತದ ಬ್ಯಾಸ್ಕೆಟ್‌ಬಾಲ್ ಆಟಗಾರರು ವಿದೇಶಗಳಲ್ಲಿ ಅವಕಾಶ ಪಡೆದ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 2010ರಲ್ಲಿ ಅಮೆರಿಕದ ಐಎಂಜಿ ಅಕಾಡೆಮಿಗೆ ಆಯ್ಕೆಯಾದರು. 2015ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡ ಅವರನ್ನು 52ನೆಯವರಾಗಿ ಆರಿಸಿಕೊಂಡಿತು. ಹಾಗೆ ಆಯ್ಕೆಯಾದ ಮೊದಲ ಭಾರತೀಯ ಅವರು. ಅವರ ಎತ್ತರ ಏಳು ಅಡಿಗೂ ಹೆಚ್ಚು. 2016ರಲ್ಲಿ ಎನ್‌ಬಿಎಯ ಕಿರಿಯ ಲೀಗಿಗೆ ಆಯ್ಕೆಯಾದ ಪಾಲ್‌ಪ್ರೀತ್ ಸಿಂಗ್ ಬ್ರಾರ್, 2017ರಲ್ಲಿ ಒಕ್ಲಹೋಮ ಸಿಟಿಯ ಕಿರಿಯ ತಂಡ ಸೇರಿದ ಅಮ್‌ಜ್ಯೋತ್ ಸಿಂಗ್, 2020ರಲ್ಲಿ ಜಿ ಲೀಗ್ ಇಗ್ನೈಟ್ ತಂಡ ಸೇರಿದ ಪ್ರಿನ್ಸ್‌ಪಾಲ್ ಸಿಂಗ್ ಇವರೆಲ್ಲರೂ ಆರೂವರೆ ಅಡಿಯನ್ನು ಮೀರಿದವರು. ಎಲ್ಲರೂ ಬುಟ್ಟಿಯ ಬಳಿ ಆಡುವವರು. ಇವರಲ್ಲಿ ಒಬ್ಬರೂ ಪಾಯಿಂಟ್ ಗಾರ್ಡ್ ಅಲ್ಲ.

ಗಾರ್ಡ್ ಸ್ಥಾನದಲ್ಲಿ ಆಡಿ ಹೊರಗಿನ ಬಾಗಿಲು ತಟ್ಟಿದವರಲ್ಲಿ ಪ್ರಮುಖರು ವಾರಾಣಸಿಯ ವಿಶೇಷ್ ಭೃಗುವಂಶಿ. ಭಾರತ ತಂಡದ ನಾಯಕರಾಗಿದ್ದ ಅವರು 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ 36ರ್ಸ್ ತಂಡದೊಂದಿಗೆ ತರಬೇತಿ ಆಟಗಾರನಾಗಿ ಒಪ್ಪಂದ ಮಾಡಿಕೊಂಡರು. 2020ರಲ್ಲಿ ಅರ್ಜುನ ಪ್ರಶಸ್ತಿಯೂ ಬಂದಿತು. ಅವರಿಗೂ ಆರಡಿ ಮೀರಿದ ಎತ್ತರವಿತ್ತು. ಅವರ ಬದುಕಿಗೆ ಆಧಾರವಾದದ್ದು ಯಾವುದೇ ಲೀಗ್ ಅಲ್ಲ, ಒಎನ್‌ಜಿಸಿಯ ನೌಕರಿ ಎಂಬುದು ಇಲ್ಲಿ ಗಮನಾರ್ಹ.

ಇದರ ಅರ್ಥವೇನು? ಹೊರಗಿನವರು ಭಾರತದಲ್ಲಿ ಹುಡುಕಿದ್ದು ಎತ್ತರವನ್ನು. ಎತ್ತರ ಹುಟ್ಟಿನಿಂದ ಬರುವ ಆಸ್ತಿ. ಅದು ಯಾವ ಹಳ್ಳಿಯಲ್ಲಿದ್ದರೂ ಕಾಣುತ್ತದೆ, ಆಟವನ್ನು ಆಮೇಲೆ ಕಲಿಸಬಹುದು. ಆದರೆ ಗಾರ್ಡ್‌ನ ಕೌಶಲ ಹುಟ್ಟಿನಿಂದ ಬರುವುದಿಲ್ಲ. ಎಂಟರಿಂದ ಹದಿನಾಲ್ಕು ವರ್ಷದ ನಡುವೆ ಸಾವಿರಾರು ಗಂಟೆ ಚೆಂಡಿನೊಂದಿಗೆ ಕಳೆದಾಗ ಮಾತ್ರ ಅದು ಕೈಗೆ ಹತ್ತುತ್ತದೆ. ಅಂಕಣವಿಲ್ಲದ ಊರಿನಲ್ಲಿ ಏಳಡಿಯ ಹುಡುಗ ಪತ್ತೆಯಾಗಬಲ್ಲ. ಗಾರ್ಡ್ ಮಾತ್ರ ಅಂಕಣವಿಲ್ಲದೆ ರೂಪುಗೊಳ್ಳಲಾರ. ಚಳ್ಳಕೆರೆ, ಮೊಳಕಾಲ್ಮೂರಿನ ಸಮಸ್ಯೆಯ ತಿರುಳು ಇಲ್ಲಿದೆ.

ಜಪಾನ್ ಕಲಿಸುವ ಪಾಠ

ಕುಳ್ಳಗಿನವರಿಗೆ ಈ ಆಟದಲ್ಲಿ ಸ್ಥಾನವಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಐದು ಅಡಿ ಮೂರು ಅಂಗುಲದ ಮಗ್ಸಿ ಬೋಗ್ಸ್ ಎನ್‌ಬಿಎಯಲ್ಲಿ 14 ಋತುಗಳನ್ನು ಆಡಿದ್ದು ಹಳೆಯ ಉದಾಹರಣೆ. ಹೊಸ ಉದಾಹರಣೆ ಏಷ್ಯಾದಲ್ಲೇ ಇದೆ. ಜಪಾನಿನ ಯೂಕಿ ಕವಾಮುರ ಅವರ ಎತ್ತರ ಸುಮಾರು ಐದು ಅಡಿ ಎಂಟು ಅಂಗುಲ. ಚಳ್ಳಕೆರೆಯ ಯಾವುದೇ ಕಾಲೇಜಿನ ಆವರಣದಲ್ಲಿ ಕಾಣಸಿಗುವ ಎತ್ತರವದು. 2023ರ ವಿಶ್ವಕಪ್‌ನಲ್ಲಿ ಫಿನ್ಲೆಂಡ್ ವಿರುದ್ಧ 25 ಅಂಕ ಗಳಿಸಿ ಜಪಾನ್ ಗೆಲುವಿಗೆ ಅವರು ಕಾರಣರಾದರು. ಆ ಕೂಟದ ಸಾಧನೆಯ ಬಲದಿಂದ ಜಪಾನ್ ಪುರುಷರ ತಂಡ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. ಅದೇ ವರ್ಷ ಕವಾಮುರ ಎನ್‌ಬಿಎಯ ಮೆಂಫಿಸ್ ಗ್ರಿಜ್ಲೀಸ್ ತಂಡಕ್ಕೆ ಸೇರಿದರು.

ಇದು ಒಬ್ಬ ಹುಡುಗನ ಪವಾಡವಲ್ಲ. ಜಪಾನ್ 2016ರಲ್ಲಿ ತನ್ನ ಒಡೆದುಹೋಗಿದ್ದ ಲೀಗ್‌ಗಳನ್ನು ಕೂಡಿಸಿ ಬಿ ಲೀಗ್ ಎಂಬ ಒಂದೇ ವೃತ್ತಿಪರ ಲೀಗನ್ನು ಕಟ್ಟಿತು. ಶಾಲೆಗಳಲ್ಲಿ ಆಟದ ಗಟ್ಟಿ ಪರಂಪರೆ ಮೊದಲೇ ಇತ್ತು. ತಳದಲ್ಲಿ ಶಾಲೆ, ತುದಿಯಲ್ಲಿ ಸಂಬಳ ಕೊಡುವ ಲೀಗ್ ಎರಡೂ ಇದ್ದುದರಿಂದ ನಡುವಿನ ಹುಡುಗ ಎತ್ತರದ ಕೊರತೆಯನ್ನು ಕೌಶಲದಿಂದ ತುಂಬಿಕೊಳ್ಳಲು ಸಾಧ್ಯವಾಯಿತು.

ಹೋಲಿಕೆಗೆ ಭಾರತದ ಸ್ಥಿತಿಯನ್ನು ನೋಡಬಹುದು. ಭಾರತ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು 1980ರ ಮಾಸ್ಕೋ ಕೂಟದಲ್ಲಿ ಮಾತ್ರ. 2025ರ ಏಷ್ಯಾ ಕಪ್‌ನಲ್ಲಿ ತಂಡ ಗುಂಪಿನ ಮೂರೂ ಪಂದ್ಯಗಳನ್ನು ಸೋತಿತು. ಆದರೂ ಜೋರ್ಡಾನ್‌ನಂತಹ ಬಲಿಷ್ಠ ತಂಡವನ್ನು ಹೆಚ್ಚುವರಿ ಅವಧಿಯವರೆಗೆ ಎಳೆದೊಯ್ದದ್ದು, ಅದರಲ್ಲಿ ತಮಿಳುನಾಡಿನ ಗಾರ್ಡ್ ಅರವಿಂದ್ ಮುತ್ತುಕೃಷ್ಣನ್ ಅವರ ಆಟ ಎದ್ದು ಕಂಡದ್ದು ಆಶಾದಾಯಕ ಬೆಳವಣಿಗೆ. ದಕ್ಷಿಣದ ರಾಜ್ಯವೊಂದು ಗಾರ್ಡ್‌ಗಳನ್ನು ಬೆಳೆಸಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಈ ನೆಲ ಕೊಡುವ ಬಲ

ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದ ಅತ್ಯಂತ ಒಣ ಪ್ರದೇಶಗಳ ಸಾಲಿಗೆ ಸೇರಿದವು. ಕುರಿ ಸಾಕಣೆ, ಕಂಬಳಿ ನೇಯ್ಗೆ, ಶೇಂಗಾ ಬೇಸಾಯ ಇಲ್ಲಿನ ಜೀವನಾಧಾರ. ಎಣ್ಣೆ ಗಿರಣಿಗಳಿಂದಾಗಿ ಚಳ್ಳಕೆರೆಗೆ ಎಣ್ಣೆನಗರಿ ಎಂಬ ಹೆಸರೇ ಬಿದ್ದಿತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ದೈಹಿಕ ಶ್ರಮ ಇಲ್ಲಿನ ಮಕ್ಕಳಿಗೆ ಹೊಸದಲ್ಲ.

ಹಳ್ಳಿಯ ಶಾಲಾ ಅಂಗಳದಲ್ಲಿ ಮೊದಲು ಕಲಿಯುವ ಆಟ ಕೊಕ್ಕೊ ಅಥವಾ ಕಬಡ್ಡಿ. ಗಾರ್ಡ್ ಆಗಬಯಸುವವರಿಗೆ ಇದು ದೊಡ್ಡ ಬಂಡವಾಳ. ಕೊಕ್ಕೊದಲ್ಲಿ ಮೊಣಕಾಲು ಬಾಗಿಸಿ ಮೈ ತಗ್ಗಿಸಿ ಓಡುವುದು, ಕ್ಷಣಾರ್ಧದಲ್ಲಿ ದಿಕ್ಕು ಬದಲಿಸುವುದು, ಎದುರಾಳಿಯನ್ನು ಒಂದು ಕಡೆಗೆ ನಂಬಿಸಿ ಇನ್ನೊಂದು ಕಡೆಗೆ ಜಾರುವುದು ಇವು ಗಾರ್ಡ್‌ನ ರಕ್ಷಣಾ ಆಟಕ್ಕೂ, ಬುಟ್ಟಿಯತ್ತ ನುಗ್ಗುವ ಆಟಕ್ಕೂ ನೇರವಾಗಿ ಒದಗುತ್ತವೆ. ಕಬಡ್ಡಿ ಕಲಿಸುವ ಮೈಸೋಕಿನ ಧೈರ್ಯವೂ ಅಂತೆಯೇ. ನಗರದ ಅಕಾಡೆಮಿಗಳಲ್ಲಿ ಪ್ಲಾಸ್ಟಿಕ್ ಶಂಕುಗಳನ್ನು ಇಟ್ಟು ಕಲಿಸುವ ಕಾಲ್ಚಲನೆಯನ್ನು ಇಲ್ಲಿನ ಮಕ್ಕಳು ಮಣ್ಣಿನಲ್ಲಿ ಆಡುತ್ತಲೇ ಕಲಿತಿರುತ್ತಾರೆ.

ಎರಡನೆಯ ಬಲ ದಣಿವು ತಡೆಯುವ ಶಕ್ತಿ. ಹತ್ತು ನಿಮಿಷಗಳ ನಾಲ್ಕು ಅವಧಿಗಳಲ್ಲಿ ಎದುರಾಳಿ ಗಾರ್ಡ್‌ನ ಬೆನ್ನು ಬಿಡದೆ ಕಾಡುವವನಿಗೆ ಯಾವ ತಂಡದಲ್ಲಾದರೂ ಜಾಗವಿದೆ. ಎಸೆತ ಕೈಕೊಟ್ಟ ದಿನವೂ ರಕ್ಷಣೆ ಕೈಕೊಡುವುದಿಲ್ಲ ಎಂಬುದು ಈ ಆಟದ ಹಳೆಯ ನಂಬಿಕೆ. ಸಣ್ಣ ಊರಿನಿಂದ ಬಂದ ಗಾರ್ಡ್ ದೊಡ್ಡ ತಂಡದೊಳಗೆ ಕಾಲಿಡುವ ಮೊದಲ ಬಾಗಿಲು ಇದೇ ಆಗಿರುತ್ತದೆ.

ಕಾಡುವ ಕೊರತೆಗಳು

ಕೊರತೆಗಳ ಪಟ್ಟಿ ಇದಕ್ಕಿಂತ ಉದ್ದ. ಮೊದಲನೆಯದು ದೂರದ ಎಸೆತ. ಮೂರು ಅಂಕಗಳ ರೇಖೆ ಬುಟ್ಟಿಯಿಂದ 6.75 ಮೀಟರ್ ದೂರದಲ್ಲಿರುತ್ತದೆ. ಇಂದಿನ ಆಟದಲ್ಲಿ ಅಲ್ಲಿಂದ ಗುರಿ ಮುಟ್ಟಿಸಲಾಗದ ಗಾರ್ಡ್‌ನನ್ನು ಎದುರಾಳಿಗಳು ಕಾಯುವುದೇ ಇಲ್ಲ. ಅವನನ್ನು ಬಿಟ್ಟು ಉಳಿದ ನಾಲ್ವರನ್ನು ಐವರು ಸುತ್ತುವರಿಯುತ್ತಾರೆ. ಎನ್‌ಬಿಎಯಲ್ಲಿ ಈ ಎಸೆತದ ಸರಾಸರಿ ಯಶಸ್ಸು ಶೇ 36ರ ಆಸುಪಾಸಿನಲ್ಲಿದ್ದರೆ ಫ್ರೀ ಥ್ರೋ ಯಶಸ್ಸು ಶೇ 78ರ ಸಮೀಪವಿದೆ. ತಾಲ್ಲೂಕು ಕೇಂದ್ರಗಳಲ್ಲಿ ಅಂಕಣವೆಂದರೆ ಸಾಮಾನ್ಯವಾಗಿ ಬಯಲಿನ ಸಿಮೆಂಟು ನೆಲ. ಗಾಳಿಯಂತ್ರಗಳಿಗೆ ಹೆಸರಾದ ಚಿತ್ರದುರ್ಗ ಜಿಲ್ಲೆಯಲ್ಲಿ ಆಷಾಢದ ಗಾಳಿ ಬೀಸುವಾಗ 6.75 ಮೀಟರ್‌ನಿಂದ ಎಸೆದ ಚೆಂಡು ಎತ್ತ ಹೋಗುವುದೆಂದು ಹೇಳಲಾಗದು. ಹೀಗಾಗಿ ಮಕ್ಕಳು ದೂರದಿಂದ ಎಸೆಯುವುದನ್ನೇ ಬಿಟ್ಟು ಬುಟ್ಟಿಯ ಬಳಿಗೆ ನುಗ್ಗುವುದನ್ನು ರೂಢಿಸಿಕೊಳ್ಳುತ್ತಾರೆ. ಹದಿನಾಲ್ಕರ ವಯಸ್ಸಿನಲ್ಲಿ ಅದು ಗೆಲುವು ತರುತ್ತದೆ. ಹತ್ತೊಂಬತ್ತರಲ್ಲಿ, ಬುಟ್ಟಿಯ ಕೆಳಗೆ ಆರೂವರೆ ಅಡಿಯ ಇಬ್ಬರು ನಿಂತಿರುವಾಗ, ಅದೇ ಅಭ್ಯಾಸ ಹೊರೆಯಾಗುತ್ತದೆ.

ಎರಡನೆಯದು ಎಡಗೈ. ಬಲಗೈಯಲ್ಲಿ ಮಾತ್ರ ಚೆಂಡು ಪುಟಿಸಬಲ್ಲ ಹುಡುಗನನ್ನು ಅನುಭವಿ ರಕ್ಷಕ ಎರಡೇ ನಿಮಿಷದಲ್ಲಿ ಓದಿಬಿಡುತ್ತಾನೆ. ಮೂರನೆಯದು ತಲೆ ತಗ್ಗಿಸಿ ಚೆಂಡು ನೋಡುತ್ತ ಓಡುವ ಚಾಳಿ. ಚೆಂಡಿನ ಮೇಲೆ ಕಣ್ಣಿಟ್ಟವನಿಗೆ ಸಂಗಾತಿ ಕಾಣುವುದಿಲ್ಲ. ಇವೆರಡೂ ಸೋಮಾರಿತನದ ಫಲವಲ್ಲ. ಇಪ್ಪತ್ತು ಮಕ್ಕಳಿಗೆ ಒಂದೋ ಎರಡೋ ಚೆಂಡು ಇರುವ ಕಡೆ ಒಬ್ಬೊಬ್ಬರ ಕೈಗೆ ಚೆಂಡು ಸಿಗುವ ನಿಮಿಷಗಳೇ ಎಣಿಕೆಯವು. ಸಿಕ್ಕ ನಿಮಿಷದಲ್ಲಿ ಮಕ್ಕಳು ಬರುವ ಕೈಯಲ್ಲೇ ಆಡುತ್ತಾರೆ.

ನಾಲ್ಕನೆಯದು, ಎಲ್ಲಕ್ಕಿಂತ ಗಂಭೀರವಾದದ್ದು, ಎದುರಾಳಿಗಳ ಕೊರತೆ. ಗಾರ್ಡ್‌ನ ನಿರ್ಧಾರ ಶಕ್ತಿ ಬೆಳೆಯುವುದು ತನಗಿಂತ ಉತ್ತಮ ಆಟಗಾರರ ಎದುರು ಆಡಿ ಸೋತಾಗ. ವರ್ಷಕ್ಕೆ ಐದಾರು ಪೂರ್ಣ ಪಂದ್ಯ ಆಡುವವನು ಎಷ್ಟೇ ಪ್ರತಿಭಾವಂತನಾದರೂ ವಾರಕ್ಕೆರಡು ಪಂದ್ಯ ಆಡುವ ಬೆಂಗಳೂರಿನ ಕ್ಲಬ್ ಹುಡುಗನಷ್ಟು ಆಟವನ್ನು ಓದಲಾರ.

ಇಲ್ಲಿ ಆಯ್ಕೆದಾರರು ಎಚ್ಚರ ವಹಿಸಬೇಕಾದ ಇನ್ನೊಂದು ಅಂಶವಿದೆ. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಬೇಗ ಬೆಳೆದ ಹುಡುಗ ಉಳಿದವರನ್ನು ಮೈಬಲದಿಂದಲೇ ಮಣಿಸುತ್ತಾನೆ, ಪದಕಗಳೂ ಅವನಿಗೇ ಸಲ್ಲುತ್ತವೆ. ಮೂರು ವರ್ಷಗಳ ಬಳಿಕ ಉಳಿದವರೂ ಬೆಳೆದಾಗ ಅವನ ಬಳಿ ಕೌಶಲದ ಉಳಿತಾಯ ಇರುವುದಿಲ್ಲ. ಆದುದರಿಂದ ಕಿರಿಯ ಗಾರ್ಡ್‌ನನ್ನು ಗಳಿಸಿದ ಅಂಕಗಳಿಂದ ಅಳೆಯುವುದು ತಪ್ಪು. ಎಷ್ಟು ಪಾಸ್‌ಗಳು ಅಂಕವಾದವು, ಎಷ್ಟು ಸಲ ಚೆಂಡು ಕಳೆದುಕೊಂಡ, ಒತ್ತಡದಲ್ಲಿ ಎಡಗೈ ಬಳಸಿದನೇ, ನೂರು ಫ್ರೀ ಥ್ರೋಗಳಲ್ಲಿ ಎಷ್ಟು ಬುಟ್ಟಿ ಸೇರಿದವು ಎಂಬ ನಾಲ್ಕು ಲೆಕ್ಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ಇದಕ್ಕೆ ಹಣ ಬೇಕಿಲ್ಲ, ಶಿಸ್ತು ಬೇಕು.

ವಿಭಾಗ ಮಟ್ಟದ ಗೋಡೆ

ಆಟಗಾರನ ಕೊರತೆಗಳಷ್ಟೇ ಮುಖ್ಯವಾದದ್ದು ವ್ಯವಸ್ಥೆಯ ರಚನೆ. ಶಾಲಾ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ನಡೆಯುತ್ತವೆ. ಚಿತ್ರದುರ್ಗ ಜಿಲ್ಲೆ ಸೇರಿರುವುದು ಬೆಂಗಳೂರು ವಿಭಾಗಕ್ಕೆ. ಅಂದರೆ ಜಿಲ್ಲಾ ಮಟ್ಟದಲ್ಲಿ ಗೆದ್ದ ಚಳ್ಳಕೆರೆಯ ತಂಡ ರಾಜ್ಯ ಮಟ್ಟವನ್ನು ಕಾಣಬೇಕಾದರೆ ಅದಕ್ಕೂ ಮೊದಲೇ ರಾಜಧಾನಿಯ ಶಾಲೆಗಳನ್ನು ಎದುರಿಸಬೇಕು. ರಾಜ್ಯದ ಬ್ಯಾಸ್ಕೆಟ್‌ಬಾಲ್ ಶಕ್ತಿ ಬಹುಪಾಲು ಕೇಂದ್ರೀಕೃತವಾಗಿರುವುದೇ ಬೆಂಗಳೂರಿನಲ್ಲಿ. ಬೀಗಲ್ಸ್, ಯಂಗ್ ಓರಿಯನ್ಸ್‌ನಂತಹ ಹಳೆಯ ಕ್ಲಬ್‌ಗಳು, ಕಂಠೀರವ ಮತ್ತು ಕೋರಮಂಗಲದ ಒಳಾಂಗಣ ಕ್ರೀಡಾಂಗಣಗಳು ಎಲ್ಲವೂ ಅಲ್ಲಿವೆ.

ಮೊಳಕಾಲ್ಮೂರು ತಾಲ್ಲೂಕಿನ ಗಡಿ ದಾಟಿದರೆ ಬಳ್ಳಾರಿ ಜಿಲ್ಲೆ. ಅದು ಕಲಬುರಗಿ ವಿಭಾಗಕ್ಕೆ ಸೇರಿದೆ. ಅಲ್ಲಿನ ಶಾಲಾ ತಂಡ ರಾಜ್ಯ ಮಟ್ಟಕ್ಕೆ ಏರಲು ಬೆಂಗಳೂರನ್ನು ಸೋಲಿಸಬೇಕಾಗಿಲ್ಲ. ಸಂವಿಧಾನದ 371 ಜೆ ವಿಧಿಯ ಅನ್ವಯ ಶಿಕ್ಷಣ, ಉದ್ಯೋಗಗಳಲ್ಲಿ ದೊರೆಯುವ ಮೀಸಲಾತಿಯೂ ಗಡಿಯಾಚೆಗೇ ನಿಲ್ಲುತ್ತದೆ. ಒಂದೇ ಬಗೆಯ ಮಳೆ, ಒಂದೇ ಬಗೆಯ ಬೆಳೆ, ಒಂದೇ ಬಗೆಯ ಬಡತನವಿರುವ ಎರಡು ಊರುಗಳ ಮಕ್ಕಳಿಗೆ ಎರಡು ಬಗೆಯ ಏಣಿ. ಮೊಳಕಾಲ್ಮೂರಿನ ಜನ ಈ ತಾರತಮ್ಯವನ್ನು ನೌಕರಿಯ ವಿಷಯದಲ್ಲಿ ಪ್ರಸ್ತಾಪಿಸುತ್ತ ಬಂದಿದ್ದಾರೆ. ಆಟದ ಅಂಗಳದಲ್ಲೂ ಅದು ಇದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಇನ್ನೊಂದು ದಾರಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳು. ಐದನೆಯ ಮತ್ತು ಎಂಟನೆಯ ತರಗತಿಯ ಹಂತದಲ್ಲಿ ಆಯ್ಕೆ ಪರೀಕ್ಷೆಗಳ ಮೂಲಕ ಮಕ್ಕಳನ್ನು ಸೇರಿಸಿಕೊಳ್ಳಲಾಗುತ್ತದೆ. ಬೆಂಗಳೂರಿನ ಹೊರವಲಯದ ವಿದ್ಯಾನಗರದ ಕೇಂದ್ರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರು ಮಾಡಿದೆ. ಊಟ, ವಸತಿ, ಓದು, ತರಬೇತಿ ಎಲ್ಲವೂ ಒಂದೆಡೆ ಸಿಗುವ ಈ ವ್ಯವಸ್ಥೆ ಬಡ ಕುಟುಂಬದ ಮಗುವಿಗೆ ನಿಜಕ್ಕೂ ವರದಾನ. ಆದರೆ ಎತ್ತರ, ಓಟ, ಜಿಗಿತಗಳ ಅಳತೆಗೆ ಒತ್ತು ಕೊಡುವ ಆಯ್ಕೆ ಪರೀಕ್ಷೆಯಲ್ಲಿ ಗಾರ್ಡ್‌ನ ಕಣ್ಣೋಟ ದಾಖಲಾಗುವುದು ಕಷ್ಟ. ಎಂಟನೆಯ ತರಗತಿ ದಾಟಿದವರಿಗೆ ಕಿರಿಯರ ಬಾಗಿಲೂ ಮುಚ್ಚುತ್ತದೆ. ದೈಹಿಕ ಶಿಕ್ಷಕರು ಮಗುವನ್ನು ಗುರುತಿಸುವುದು ಒಂಬತ್ತನೆಯ ತರಗತಿಯಲ್ಲಾದರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ವೃತ್ತಿ ಎಂದರೆ ಯಾವುದು?

ಭಾರತದಲ್ಲಿ ಬ್ಯಾಸ್ಕೆಟ್‌ಬಾಲ್ ಲೀಗ್‌ಗಳು ಬಂದಿವೆ, ಹೋಗಿವೆ. 2015ರಲ್ಲಿ ಆರಂಭವಾದ ಯುಬಿಎ ಲೀಗ್‌ನಲ್ಲಿ ಬೆಂಗಳೂರು ಬೀಸ್ಟ್ ಎಂಬ ತಂಡವಿತ್ತು. ಆ ಲೀಗ್ 2017ರಾಚೆಗೆ ನಡೆಯಲಿಲ್ಲ. 2022ರಲ್ಲಿ ರಾಷ್ಟ್ರೀಯ ಫೆಡರೇಷನ್ನಿನ ಆಶ್ರಯದಲ್ಲಿ ಐಎನ್‌ಬಿಎಲ್ ಆರಂಭವಾಯಿತು. ಆರು ನಗರಗಳ ತಂಡಗಳಲ್ಲಿ ಬೆಂಗಳೂರು ಕಿಂಗ್ಸ್ ಕೂಡ ಒಂದಾಗಿತ್ತು. ಚೆನ್ನೈ ಹೀಟ್ ಮೊದಲ ಪ್ರಶಸ್ತಿ ಗೆದ್ದಿತು. 2025ರ ಆರಂಭದಲ್ಲಿ ಹೊಸ ಸ್ವರೂಪದ ಲೀಗ್ ದೆಹಲಿಯಲ್ಲಿ ನಡೆಯಿತು. ಇವು ಸ್ವಾಗತಾರ್ಹ ಪ್ರಯತ್ನಗಳೇ. ಆದರೆ ವರ್ಷದಲ್ಲಿ ಕೆಲವು ವಾರ ನಡೆಯುವ ಲೀಗನ್ನು ನಂಬಿ ಓದು ಬಿಡುವುದು ಮಳೆ ನಂಬಿ ಕೊಳವೆಬಾವಿ ಮುಚ್ಚಿದಂತಾಗುತ್ತದೆ.

ವಾಸ್ತವದಲ್ಲಿ ಈ ಆಟಗಾರರ ವೃತ್ತಿ ಎಂದರೆ ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಸೇನೆ, ಆದಾಯ ತೆರಿಗೆ ಇಲಾಖೆ, ಬ್ಯಾಂಕುಗಳು, ತೈಲ ಕಂಪನಿಗಳು, ಪೊಲೀಸ್ ಇಲಾಖೆ ದಶಕಗಳಿಂದ ಆಟಗಾರರಿಗೆ ಸಂಬಳ ಕೊಟ್ಟು ಆಟವನ್ನು ಉಳಿಸಿವೆ. ಕರ್ನಾಟಕದ ಮಟ್ಟಿಗೆ ವಿಜಯಾ ಬ್ಯಾಂಕ್ ತಂಡ ಬಹುಕಾಲ ದೊಡ್ಡ ಆಸರೆಯಾಗಿತ್ತು. 2019ರ ಏಪ್ರಿಲ್‌ನಲ್ಲಿ ಆ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನಗೊಂಡಿತು. ಬ್ಯಾಂಕುಗಳು ಒಂದಾದಾಗ ತಂಡಗಳೂ ಒಂದಾಗುತ್ತವೆ, ಆಟಗಾರರ ಹುದ್ದೆಗಳು ಎರಡು ತಂಡಗಳಷ್ಟು ಉಳಿಯುವುದಿಲ್ಲ. ಈ ಕೋಟಾಗಳಲ್ಲಿ ಸ್ಥಾನ ಪಡೆಯಲು ಸಾಮಾನ್ಯವಾಗಿ ರಾಜ್ಯ ತಂಡದಲ್ಲೋ ವಿಶ್ವವಿದ್ಯಾಲಯ ತಂಡದಲ್ಲೋ ಆಡಿದ ಪ್ರಮಾಣಪತ್ರ ಬೇಕಾಗುತ್ತದೆ. ರಾಜ್ಯ ತಂಡದಲ್ಲಿ ಹನ್ನೆರಡು ಸ್ಥಾನಗಳು, ಅವುಗಳಲ್ಲಿ ಗಾರ್ಡ್‌ಗಳ ಪಾಲು ನಾಲ್ಕೋ ಐದೋ. ಸ್ಪರ್ಧೆಯ ಬಿಸಿ ಇದರಿಂದಲೇ ಅರ್ಥವಾಗುತ್ತದೆ.

ಮೂರನೆಯ ದಾರಿಯನ್ನು ಕುಟುಂಬಗಳು ಗಂಭೀರವಾಗಿ ಪರಿಗಣಿಸಬೇಕು. ಒಳ್ಳೆಯ ಗಾರ್ಡ್ ಆಟವನ್ನು ಓದಬಲ್ಲವನಾದುದರಿಂದ ಒಳ್ಳೆಯ ತರಬೇತುದಾರನೂ ಆಗಬಲ್ಲ. ದೈಹಿಕ ಶಿಕ್ಷಣ ಪದವಿ ಅಥವಾ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಪಡೆದವರಿಗೆ ಖಾಸಗಿ ಶಾಲೆಗಳಲ್ಲೂ ಅಕಾಡೆಮಿಗಳಲ್ಲೂ ಬೇಡಿಕೆ ಇದೆ. ಇದು ಪತ್ರಿಕೆಯಲ್ಲಿ ಭಾವಚಿತ್ರ ಬರುವ ದಾರಿಯಲ್ಲದಿರಬಹುದು, ಬದುಕು ನಡೆಯುವ ದಾರಿಯಂತೂ ಹೌದು.

ಸತ್ನಾಮ್ ಸಿಂಗ್ ಅವರ ಮುಂದಿನ ಕಥೆ ಇಲ್ಲಿ ಎಚ್ಚರಿಕೆಯ ಗಂಟೆ. ಡ್ರಾಫ್ಟ್‌ನಲ್ಲಿ ಆಯ್ಕೆಯಾದರೂ ಅವರು ಎನ್‌ಬಿಎ ಪಂದ್ಯ ಆಡಲಿಲ್ಲ. 2019ರ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷಗಳ ನಿಷೇಧಕ್ಕೆ ಒಳಗಾದರು. ಬಳಿಕ ವೃತ್ತಿಪರ ಕುಸ್ತಿಯ ರಂಗಕ್ಕೆ ಹೋದರು. ಅಂಗಡಿಯಲ್ಲಿ ಸಿಗುವ ಪೌಷ್ಟಿಕ ಪುಡಿಗಳನ್ನು ಯಾರದೋ ಮಾತು ಕೇಳಿ ನುಂಗುವ ಎಳೆಯರಿಗೆ ಯಾವುದು ನಿಷಿದ್ಧ, ಯಾವುದು ಅಲ್ಲ ಎಂದು ತಿಳಿಸಿ ಹೇಳುವವರು ತಾಲ್ಲೂಕು ಮಟ್ಟದಲ್ಲಿ ಇರಬೇಕಾದ ಅಗತ್ಯವಿದೆ.

ಹೆಣ್ಣುಮಕ್ಕಳ ಲೆಕ್ಕ ಬೇರೆ

ಹುಡುಗಿಯರ ವಿಷಯದಲ್ಲಿ ಚಿತ್ರ ತುಸು ಭಿನ್ನ. ಭಾರತ ಮಹಿಳಾ ತಂಡ 2017ರ ಏಷ್ಯಾ ಕಪ್ ‘ಬಿ’ ವಿಭಾಗದ ಪ್ರಶಸ್ತಿಯನ್ನು ಗೆದ್ದದ್ದು ಬೆಂಗಳೂರಿನಲ್ಲಿಯೇ. ಫೈನಲ್‌ನಲ್ಲಿ ಕಜಾಕಸ್ತಾನದ ವಿರುದ್ಧ ಬಂದ ಗೆಲುವಿನ ಅಂತರ ಎರಡೇ ಅಂಕ. ಬೆಂಗಳೂರಿನ ಸಂಜನಾ ರಮೇಶ್ ಎನ್‌ಬಿಎ ಅಕಾಡೆಮಿಯ ಮಹಿಳಾ ಕಾರ್ಯಕ್ರಮದ ಮೂಲಕ ಬೆಳೆದು ಅಮೆರಿಕದ ನಾರ್ದರ್ನ್ ಅರಿಜೋನ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಪಡೆದರು. ಹೆಣ್ಣುಮಕ್ಕಳಿಗೆ ರೈಲ್ವೆಯಂತಹ ಸಂಸ್ಥೆಗಳಲ್ಲಿ ನೌಕರಿಯ ಅವಕಾಶವಿದೆ. ರಾಜ್ಯದೊಳಗೆ ಸ್ಪರ್ಧಿಗಳ ಸಂಖ್ಯೆಯೂ ಹುಡುಗರಷ್ಟಿಲ್ಲ. ಶುದ್ಧ ಲೆಕ್ಕಾಚಾರದಲ್ಲಿ ನೋಡಿದರೆ ಈ ಭಾಗದ ಚುರುಕಾದ ಹುಡುಗಿಯೊಬ್ಬಳು ಗಾರ್ಡ್ ಆಗಿ ಮೇಲೇರುವ ಸಾಧ್ಯತೆ ಹುಡುಗನಿಗಿಂತ ಹೆಚ್ಚು.

ಆದರೆ ಲೆಕ್ಕಾಚಾರ ಒಂದು ಕಡೆ, ಮನೆಯ ಹೊಸ್ತಿಲು ಇನ್ನೊಂದು ಕಡೆ. ಅಭ್ಯಾಸ ಮುಗಿಸಿ ಕತ್ತಲಾದ ಮೇಲೆ ಹಳ್ಳಿಗೆ ಬಸ್ಸಿಲ್ಲ ಎಂಬ ಒಂದೇ ಕಾರಣಕ್ಕೆ ಆಟ ನಿಲ್ಲುತ್ತದೆ. ಮಗ್ಗದ ಮನೆಯಲ್ಲಿ ಎರಡು ಕೈ ಕಡಿಮೆಯಾದರೆ ದುಡಿಮೆಯೇ ಕಡಿಮೆಯಾಗುತ್ತದೆ. ಹದಿನಾರು ತುಂಬುವ ಹೊತ್ತಿಗೆ ಮಗಳನ್ನು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಕಳುಹಿಸಲು ತಂದೆತಾಯಿ ಹಿಂಜರಿಯುತ್ತಾರೆ. ಜಿಲ್ಲಾ ಕೇಂದ್ರದಲ್ಲಿಯೇ ಹೆಣ್ಣುಮಕ್ಕಳಿಗೆ ಸುಸಜ್ಜಿತ ನಿಲಯ ಮತ್ತು ಮಹಿಳಾ ತರಬೇತುದಾರರು ಇದ್ದರೆ ಈ ಹಿಂಜರಿಕೆಯ ಅರ್ಧ ಭಾಗ ಕರಗುತ್ತದೆ.

ಆಗಬೇಕಾದುದೇನು?

ದೊಡ್ಡ ಯೋಜನೆಗಳಿಗೆ ಕಾಯಬೇಕಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಿಂದ ಸೇರ್ಪಡೆಯಾಗಿರುವ 3x3 ಮಾದರಿಗೆ ಅರ್ಧ ಅಂಕಣ, ಒಂದು ಬುಟ್ಟಿ, ತಂಡಕ್ಕೆ ನಾಲ್ವರು ಸಾಕು. ಪಂದ್ಯ ಹತ್ತು ನಿಮಿಷ, ಎಸೆತಕ್ಕೆ 12 ಸೆಕೆಂಡು. ಮೂವರೇ ಆಡುವುದರಿಂದ ಪ್ರತಿಯೊಬ್ಬರ ಕೈಗೂ ಚೆಂಡು ಬರುತ್ತದೆ, ಪ್ರತಿಯೊಬ್ಬರೂ ಗಾರ್ಡ್‌ನಂತೆ ಯೋಚಿಸಬೇಕಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು, ನಾಯಕನಹಟ್ಟಿ, ರಾಂಪುರಗಳಲ್ಲಿ ತಲಾ ಒಂದು ಬುಟ್ಟಿ ನೆಟ್ಟು ಭಾನುವಾರಗಳಂದು ಪಂದ್ಯ ಏರ್ಪಡಿಸಿದರೆ ವರ್ಷಕ್ಕೆ ಐದಾರಿದ್ದ ಪಂದ್ಯಗಳ ಸಂಖ್ಯೆ ಐವತ್ತಕ್ಕೆ ಏರುತ್ತದೆ. ಎದುರಾಳಿಗಳ ಕೊರತೆಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ಎರಡನೆಯದು ದೈಹಿಕ ಶಿಕ್ಷಕರ ತರಬೇತಿ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ತರಬೇತಿ ನೀಡುವ ಕೇಂದ್ರವೊಂದು ಕಾರ್ಯನಿರ್ವಹಿಸುತ್ತಿದೆ. ಒಬ್ಬ ಶಿಕ್ಷಕನನ್ನು ತಿದ್ದಿದರೆ ನೂರಾರು ಮಕ್ಕಳು ತಿದ್ದಿಕೊಳ್ಳುತ್ತಾರೆ ಎಂಬುದು ಅದರ ತತ್ವ. ಅದೇ ಮಾದರಿಯಲ್ಲಿ ಕ್ರೀಡಾ ಇಲಾಖೆ ಮತ್ತು ರಾಜ್ಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಬೇಸಿಗೆ ರಜೆಯಲ್ಲಿ ತಾಲ್ಲೂಕಿನ ದೈಹಿಕ ಶಿಕ್ಷಕರಿಗೆ ಹತ್ತು ದಿನಗಳ ಶಿಬಿರ ನಡೆಸಬಹುದು. ಇದೇ ತಾಲ್ಲೂಕಿನ ಕಾವಲುಗಳಲ್ಲಿ ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆಂದು ಕೃತಕ ಕುಳಿಗಳನ್ನು ತೋಡಲಾಯಿತು. ವಿಮಾನ ಪರೀಕ್ಷಾ ನೆಲೆಯಲ್ಲಿ 2023 ಮತ್ತು 2024ರಲ್ಲಿ ಇಸ್ರೊದ ಮರುಬಳಕೆಯ ನೌಕೆ ಇಳಿಯಿತು. ಸಾವಿರಾರು ಎಕರೆ ಹುಲ್ಲುಗಾವಲನ್ನು ದೇಶದ ವಿಜ್ಞಾನಕ್ಕೆ ಬಿಟ್ಟುಕೊಟ್ಟ ನಾಡಿನ ಮಕ್ಕಳಿಗೆ ಛಾವಣಿಯುಳ್ಳ ಒಂದು ಅಂಕಣವನ್ನು ಕೇಳುವ ಹಕ್ಕಿಲ್ಲವೇ? ಅಲ್ಲಿ ನೆಲೆಸಿರುವ ಸಂಸ್ಥೆಗಳ ಸಾಮಾಜಿಕ ಹೊಣೆಯ ಪಟ್ಟಿಗೆ ಇದು ಸೇರಬೇಕು.

ಮೂರನೆಯದು ಆಯ್ಕೆಯ ಕ್ರಮ. ವಿಭಾಗ ಮಟ್ಟದಲ್ಲಿ ಸೋತ ತಂಡಗಳಿಂದಲೂ ಇಬ್ಬರು ಮೂವರು ಪ್ರತಿಭಾವಂತರನ್ನು ಆರಿಸಿ ರಾಜ್ಯ ಶಿಬಿರಕ್ಕೆ ಕರೆಯುವ ಪದ್ಧತಿ ಕಡ್ಡಾಯವಾಗಬೇಕು. ಸೋತ ತಂಡದ ಗಾರ್ಡ್ ಕೆಲವೊಮ್ಮೆ ಗೆದ್ದ ತಂಡದ ಗಾರ್ಡ್‌ಗಿಂತ ಉತ್ತಮನಾಗಿರುತ್ತಾನೆ. ಅವನ ಪಾಸನ್ನು ಹಿಡಿಯಬಲ್ಲವರು ಅವನ ಜತೆಗಿರುವುದಿಲ್ಲ, ಅಷ್ಟೇ.

ತೂಗಿ ನೋಡಿದಾಗ

ಹಾಗಾದರೆ ಈ ಭಾಗದ ಹದಿನೈದರ ಚುರುಕು ಗಾರ್ಡ್‌ಗೆ ಏನು ಹೇಳಬೇಕು? ವಿದೇಶಿ ಲೀಗ್‌ನ ಕನಸು ಇಂದಿನ ಸ್ಥಿತಿಯಲ್ಲಿ ಕೈಗೆಟುಕುವಂತಹದಲ್ಲ. ಜಿಲ್ಲಾ ತಂಡ ಖಂಡಿತ ಸಾಧ್ಯ. ವಿಶ್ವವಿದ್ಯಾಲಯ ತಂಡ ಶ್ರಮಪಟ್ಟರೆ ಸಾಧ್ಯ. ರಾಜ್ಯ ತಂಡ, ಅದರ ಮೂಲಕ ನೌಕರಿ, ಎರಡು ವರ್ಷಗಳೊಳಗೆ ಎಡಗೈ ಮತ್ತು ದೂರದ ಎಸೆತ ಕೈಗೆ ಹತ್ತಿದರೆ ಮಾತ್ರ ಸಾಧ್ಯ. ಓದನ್ನು ಬಿಡದೆ ಆಡುವುದಾದರೆ ಈ ಪ್ರಯತ್ನದಲ್ಲಿ ನಷ್ಟವಿಲ್ಲ. ಓದು ಬಿಟ್ಟು ಆಡುವುದಾದರೆ ಗೆಲ್ಲುವವನು ನೂರಕ್ಕೊಬ್ಬನೂ ಇರಲಾರ.

ಇಷ್ಟನ್ನು ನೇರವಾಗಿ ತಿಳಿಸುವುದು ಶಿಕ್ಷಕರ ಮತ್ತು ತರಬೇತುದಾರರ ಕರ್ತವ್ಯ. ಆದರೆ ಈ ತೀರ್ಪಿನ ಹೆಚ್ಚಿನ ಭಾಗ ಹುಡುಗನ ಪ್ರತಿಭೆಯ ಮೇಲೆ ನೀಡಿದ್ದಲ್ಲ, ಅವನಿಗೆ ಸಿಕ್ಕ ಅಂಕಣದ ಮೇಲೆ, ಚೆಂಡಿನ ಮೇಲೆ, ಪಂದ್ಯಗಳ ಸಂಖ್ಯೆಯ ಮೇಲೆ ನೀಡಿದ್ದು. ಅವನ ಎತ್ತರವನ್ನು ಬದಲಿಸಲು ಯಾರಿಂದಲೂ ಆಗದು. ಉಳಿದ ಮೂರನ್ನು ಬದಲಿಸುವುದು ಇಲಾಖೆಯ, ಕ್ರೀಡಾ ಸಂಸ್ಥೆಯ, ಊರಿನವರ ಕೈಯಲ್ಲೇ ಇದೆ.